ಹೆಜ್ಜಾಲದ ಈಚೆ, ಹೆಜ್ಜಾಲದ ಆಚೆ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ರೈಲುದಾರಿಯಲ್ಲಿ ಕೆಂಗೇರಿಗೂ ಬಿಡದಿಗೂ ನಡುವೆ ಹೆಜ್ಜಾಲವೆಂಬ ಒಂದೇ ಒಂದು ನಿಲ್ದಾಣವುಂಟು. ಪ್ಯಾಸೆಂಜರ್ ಗಾಡಿಯಲ್ಲಿ ಕುಳಿತವನು ಕೆಂಗೇರಿಯಲ್ಲಿ ಬಿಚ್ಚಿದ ಕಡಲೆಕಾಯಿಯ ಪೊಟ್ಟಣವನ್ನು ಮುಗಿಸುವುದರೊಳಗಾಗಿ ಬಿಡದಿಯನ್ನು ಮುಟ್ಟಿಬಿಡುತ್ತಾನೆ. ಆದರೆ ನಮ್ಮ ಮನೆಯಲ್ಲಿ ಈ ಅಲ್ಪದೂರವನ್ನು ಕ್ರಮಿಸುವುದಕ್ಕೆ ಒಂದು ಮಳೆಗಾಲವೂ ಅದರ ಬೆನ್ನಿಗೆ ಬಂದ ಚಳಿಗಾಲದ ಬಹುಭಾಗವೂ ವ್ಯಯವಾದುವು. ಚಾಮರಾಜಪೇಟೆಯ ಬಾಡಿಗೆ ಮನೆಗಳಲ್ಲಿ ಆಯುಷ್ಯದ ದೊಡ್ಡ ಪಾಲನ್ನು ಕಳೆದು, ಸೇವೆಯಿಂದ ನಿವೃತ್ತನಾದ ಬಳಿಕ, ಗೋಡೆಗೊಂದು ಮೊಳೆ ಹೊಡೆಯುವುದಕ್ಕೂ ಇನ್ನೊಬ್ಬರ ಅಪ್ಪಣೆಯನ್ನು ಬೇಡಬೇಕಾಗಿಲ್ಲದಂಥ ಸೂರೊಂದರ ಕೆಳಗೆ ಉಳಿದ ಕಾಲವನ್ನು ನೂಕಬೇಕೆಂಬ ಅಭಿಲಾಷೆ ನಮ್ಮಿಬ್ಬರಲ್ಲಿಯೂ ಏಕಕಾಲದಲ್ಲಿ ಅಂಕುರಿಸಿತು. ಅಭಿಲಾಷೆ ಒಂದೇ, ಊರುಗಳು ಮಾತ್ರ ಎರಡಾದುವು. ನನ್ನ ಮನಸ್ಸು ಹೆಜ್ಜಾಲದ ಆಚೆಗೆ ಹಾರಿತು, ನನ್ನ ಮನೆಯವರ ಮನಸ್ಸು ಈಚೆಯೇ ನಿಂತಿತು.

ಮೈಸೂರು ರಸ್ತೆಯನ್ನೇ ಏಕೆ ಹಿಡಿದಿರೆಂದು ಕೇಳಿದ ಮಿತ್ರರಿಗೆ ನಾನು ಒಂದು ಸಿದ್ಧಾಂತವನ್ನು ನಿವೇದಿಸುತ್ತಿದ್ದೆ. ಬೆಂಗಳೂರಿನಲ್ಲಿ ಬಾಳಿದವನು ಊರಂಚಿಗೆ ಸರಿಯುವ ಕಾಲ ಬಂದಾಗ ತನ್ನ ಹುಟ್ಟೂರಿಗೆ ಹೋಗುವ ದಾರಿಯಲ್ಲಿಯೇ ಸರಿಯುತ್ತಾನೆ: ತುಮಕೂರಿನವನು ದಾಸರಹಳ್ಳಿಯನ್ನು ದಾಟಿ ನೆಲಮಂಗಲದ ಕಡೆಗೆ, ಕೋಲಾರದವನು ಕೃಷ್ಣರಾಜಪುರವನ್ನು ದಾಟಿ ಹೊಸಕೋಟೆಯ ಕಡೆಗೆ, ಚಿಕ್ಕಬಳ್ಳಾಪುರದವನು ಯಲಹಂಕದ ಕಡೆಗೆ. ಊರಿಗೆ ಹಿಂದಿರುಗುವ ಧೈರ್ಯ ಅವನಿಗೆ ಇರುವುದಿಲ್ಲ, ಊರನ್ನು ಬಿಟ್ಟುಕೊಡುವ ಮನಸ್ಸೂ ಬಾರದು. ಆದುದರಿಂದ ಆ ದಾರಿಯ ಮೇಲೆ ಒಂದಷ್ಟು ದೂರ ಹೋಗಿ ಕುಳಿತುಬಿಡುತ್ತಾನೆ. ನನ್ನ ಮನೆಯವರ ತವರು ಮದ್ದೂರಿನ ಸೀಮೆಯಾದ ಕಾರಣ ನಮಗೆ ಪಶ್ಚಿಮ ದಿಕ್ಕು ವಿವಾಹಕಾಲದಲ್ಲಿಯೇ ನಿಶ್ಚಿತವಾಗಿತ್ತು. ಉಳಿದಿದ್ದ ಪ್ರಶ್ನೆ, ಆ ದಿಕ್ಕಿನಲ್ಲಿ ಎಷ್ಟು ದೂರ ಎಂಬುದೊಂದೇ.

ಚಾಣಕ್ಯನ ಹೆಸರಿನಲ್ಲಿ ಪ್ರಚಲಿತವಾಗಿರುವ ನೀತಿಶ್ಲೋಕವೊಂದುಂಟು. ಧನಿಕ, ವೇದವನ್ನು ಬಲ್ಲ ಶ್ರೋತ್ರಿಯ, ರಾಜ, ನದಿ, ವೈದ್ಯ ಈ ಐವರಿಲ್ಲದ ಊರಿನಲ್ಲಿ ಒಂದು ದಿನವೂ ನಿಲ್ಲಬಾರದೆಂಬುದು ಅದರ ತಾತ್ಪರ್ಯ. ಎರಡು ಸಹಸ್ರ ವರ್ಷಗಳ ಹಿಂದಿನವನೆಂದು ಹೇಳಲ್ಪಡುವ ಆ ಮಹಾಶಯನು ಕೆಂಗೇರಿ ಉಪನಗರದ ಬ್ಲಾಕುಗಳನ್ನಾಗಲಿ ಬಿಡದಿಯ ಬಡಾವಣೆಗಳ ಕಮಾನುಗಳನ್ನಾಗಲಿ ಕಂಡಿರಲಾರನು; ಆದರೂ ನಿವೇಶನದ ಬೇಟೆಗೆ ಹೊರಟವರಿಗೆ ಸ್ನೇಹಿತರೂ ಬಂಧುಗಳೂ ಉಚಿತವಾಗಿ ದಾನಮಾಡುವ ಬುದ್ಧಿವಾದಗಳಿಗಿಂತ ಈ ಪಂಚಕವೇ ಹೆಚ್ಚು ಪ್ರಯೋಜನಕಾರಿಯೆಂದು ನನಗೆ ತೋರಿತು. ಧನಿಕನ ಸ್ಥಾನದಲ್ಲಿ ಈಗ ಬ್ಯಾಂಕುಂಟು. ಅದು ಎರಡೂ ಊರುಗಳಲ್ಲಿ ಒಂದೇ ಬಡ್ಡಿಗೆ ಒಂದೇ ಮುಖದಿಂದ ಸಾಲಕೊಡುತ್ತದೆ, ಮತ್ತು ನಿವೃತ್ತನನ್ನು ಕಂಡರೆ ಎರಡೂ ಊರುಗಳಲ್ಲಿ ಅದೇ ಬಗೆಯಾಗಿ ಮುಖ ತಿರುಗಿಸುತ್ತದೆ. ಆದಕಾರಣ ಧನಿಕನನ್ನು ಇಲ್ಲಿಗೇ ಬಿಡುತ್ತೇನೆ.

ಶ್ರೋತ್ರಿಯನೆಂದರೆ ಈ ಕಾಲದಲ್ಲಿ ಕಾಗದಪತ್ರಗಳನ್ನು ಓದಬಲ್ಲ ವಕೀಲ. ಋಣಭಾರ ಪತ್ರವೆಂಬುದು ಮನೆಯ ಜಾತಕ; ಅದರಲ್ಲಿ ಯಾವ ಗ್ರಹ ಯಾವ ಮನೆಯಲ್ಲಿ ಕುಳಿತಿದೆಯೆಂದು ಹೇಳುವುದಕ್ಕೆ ಆತನೇ ಬೇಕು. ನಮಗೆ ದೊರೆತ ವಕೀಲರು ಮಿತಭಾಷಿಗಳು. ಕೆಂಗೇರಿ ಉಪನಗರದ ಹಳೆಯ ಮನೆಯೊಂದರ ಕಡತವನ್ನು ಮುಂದಿಟ್ಟಾಗ, ಮೊದಲ ಮಾಲೀಕನಿಗೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಹಂಚಿಕೊಟ್ಟ ನಿವೇಶನ, 10 ವರ್ಷಗಳ ಗುತ್ತಿಗೆ ಮತ್ತು ಮಾರಾಟದ ಕರಾರು, ಅವಧಿ ಮುಗಿದ ಮೇಲೆ ಶುದ್ಧ ಕ್ರಯಪತ್ರ, ಖಾತೆ, ಕಂದಾಯದ ರಸೀತಿ ಇವಿಷ್ಟನ್ನು ನೋಡಿ ‘ಸರಿ’ ಎಂದರು. ಕೆಂಗೇರಿಯದೇ ಹೊರಭಾಗದ ಇನ್ನೊಂದು ಮನೆಯ ಕಡತವನ್ನು ನೋಡಿ ‘ಬಿ ಖಾತೆ’ ಎಂದರು. ಆ ಎರಡು ಶಬ್ದಗಳಲ್ಲಿ ಕಂದಾಯವನ್ನು ಕಟ್ಟುವ ಹಕ್ಕು ಇದೆ, ಮಿಕ್ಕ ಹಕ್ಕುಗಳ ಮಾತನ್ನು ಈಗ ಎತ್ತಬೇಡಿ ಎಂಬ ದೀರ್ಘವ್ಯಾಖ್ಯಾನ ಅಡಗಿತ್ತು. ಬಿಡದಿಯ ಆಚೆಯ ನಿವೇಶನವೊಂದಕ್ಕೆ ಪಂಚಾಯತಿಯು ಇ-ಸ್ವತ್ತಿನಲ್ಲಿ ಕೊಟ್ಟಿದ್ದ 11ಬಿ ನಮೂನೆಯನ್ನು ಕಂಡು ಏನನ್ನೂ ಹೇಳದೆ ಕನ್ನಡಕವನ್ನು ತೆಗೆದು ಒರೆಸಿಕೊಂಡರು. ಬಹಳ ಹೊತ್ತು ಒರೆಸಿಕೊಂಡರು.

ರಾಜನ ವಿಷಯ ಇಷ್ಟು ಸುಲಭವಲ್ಲ. ಬೇರೆ ಕಾಲಗಳಲ್ಲಿ ರಾಜ್ಯಗಳಿಗಾಗಿ ರಾಜರು ಹೋರಾಡುತ್ತಿದ್ದರು. ನಮ್ಮ ಕಾಲದಲ್ಲಿ ಮೇರೆಗಳೇ ಕಾಲು ಮೂಡಿಸಿಕೊಂಡು ಊರುಗಳ ಮೇಲೆ ನಡೆದುಹೋಗುತ್ತವೆ. ಕೆಂಗೇರಿ ಒಂದಾನೊಂದು ಕಾಲಕ್ಕೆ ತನ್ನದೇ ಪುರಸಭೆಯುಳ್ಳ ಪಟ್ಟಣ. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರೂಪುಗೊಂಡಾಗ 7 ನಗರಸಭೆಗಳೂ 110 ಹಳ್ಳಿಗಳೂ ಅದರೊಳಕ್ಕೆ ಸೇರಿದುವು. ಪುರಸಭೆಯೆಂಬ ಪದವಿಯಿಂದ ಸೇರಿದ್ದು ಕೆಂಗೇರಿಯೊಂದೇ. 2025ರಲ್ಲಿ ಆ ಮಹಾಪಾಲಿಕೆಯೇ 5 ಪಾಲಿಕೆಗಳಾಗಿ ಒಡೆಯಿತು. ಇಷ್ಟು ಅವಸ್ಥಾಂತರಗಳು ಒದಗಿದರೂ ಕೆಂಗೇರಿಯ ಹಳೆಯ ಪೇಟೆಯ ಬೀದಿಯಲ್ಲಿ ಕಸದ ಗಾಡಿ ಬರುವ ಹೊತ್ತು ಮಾತ್ರ ಬದಲಾಗಿಲ್ಲವೆಂದು ಅಲ್ಲಿಯ ಹೂವಿನ ಅಂಗಡಿಯಾಕೆ ಹೇಳಿದಳು. ಆಡಳಿತಶಾಸ್ತ್ರದ ದೃಷ್ಟಿಯಿಂದ ಇದು ಪ್ರಶಂಸೆಯೋ ನಿಂದೆಯೋ ಎಂಬುದನ್ನು ನಾನು ಕೇಳಲಿಲ್ಲ.

ಬಿಡದಿಯಾದರೋ ಬೆಂಗಳೂರಿನೊಳಕ್ಕೆ ಬಂದದ್ದಲ್ಲ. ಬೆಂಗಳೂರು ಎಂಬ ಹೆಸರೇ ಅದರ ಮೇಲೆ ಬಂದು ಕುಳಿತದ್ದು. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ರಾಮನಗರ ಜಿಲ್ಲೆ ಹುಟ್ಟಿತು; 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಜಿಲ್ಲೆಯೆಂಬ ಹೊಸ ನಾಮಧೇಯ ಪ್ರಾಪ್ತವಾಯಿತು. ಬಿಡದಿ ತಾನಿದ್ದ ಎಡೆಯಿಂದ ಅಂಗುಲದಷ್ಟೂ ಅಲುಗಲಿಲ್ಲ. ಆದರೂ ಅಂದಿನಿಂದ ಅಲ್ಲಿಯ ದಲ್ಲಾಳಿಗಳ ವಾಕ್ಪ್ರವಾಹಕ್ಕೆ ಹೊಸದೊಂದು ಉಪನದಿ ಸೇರಿಕೊಂಡಿತು. ‘ಸಾರ್, ಇನ್ಮೇಲೆ ಇದೂ ಬೆಂಗಳೂರೇ. ಅಡ್ರೆಸ್ಸಲ್ಲೇ ಬೆಂಗಳೂರು ಅಂತ ಬರುತ್ತೆ, ನೀವೇ ನೋಡಿ’ ಎಂದು ನಮ್ಮನ್ನು ಕರೆದೊಯ್ದ ತರುಣನು, ರಾಗಿಯ ಕೂಳೆ ಇನ್ನೂ ಕಾಲಿಗೆ ಚುಚ್ಚುತ್ತಿದ್ದ ಹೊಲದ ನಡುವೆ ನಿಂತು, ಗಂಭೀರವಾಗಿ ಹೇಳಿದನು. ಕಾಗದದ ಮೇಲೆ ವಿಳಾಸವನ್ನು ಬರೆದುಕೊಳ್ಳುವುದರಲ್ಲಿಯೇ ಸಂತುಷ್ಟನಾಗುವವನಿಗೆ ಇದಕ್ಕಿಂತ ಅಗ್ಗವಾದ ಬೆಂಗಳೂರು ಬೇರೆಲ್ಲಿಯೂ ಸಿಕ್ಕಲಾರದು.

ಆ ಹೊಲದ ಅಂದವನ್ನು ನಾನು ಅಲ್ಲಗಳೆಯುವುದಿಲ್ಲ. ಬಣ್ಣ ಬಳಿದ ಕಮಾನು, ಅದರ ಇಕ್ಕೆಲಗಳಲ್ಲಿ ಬಣ್ಣಬಣ್ಣದ ಪತಾಕೆಗಳು, ಒಳಗೆ ಸಿಮೆಂಟಿನ ನೇರವಾದ ರಸ್ತೆಗಳು, ರಸ್ತೆಯುದ್ದಕ್ಕೂ ಸುಣ್ಣ ಬಳಿದು ಅಂಕೆ ಬರೆದ ಗಡಿಕಲ್ಲುಗಳು, ಕಲ್ಲುಗಳ ನಡುವೆ ಒಂದೂ ಮನೆಯಿಲ್ಲದ ನೀರವತೆ, ಬೇಲಿಯ ಆಚೆಗೆ ಮಾವಿನ ತೋಪು, ಅದರ ಹಿಂದೆ ರಾಮನಗರದ ಕಡೆಯ ಬೋಳುಬಂಡೆಯ ಬೆಟ್ಟಗಳ ಸಾಲು. ಮೂವತ್ತು ನಲವತ್ತರ ನಿವೇಶನ, ಪೂರ್ವದ ಬಾಗಿಲು. ಕೆಂಗೇರಿ ಉಪನಗರದಲ್ಲಿ ಇಪ್ಪತ್ತು ಮೂವತ್ತರ ಹಳೆಯ ಮನೆಗೆ ಕೊಡಬೇಕಾಗಿದ್ದ ಹಣದಲ್ಲಿ ಇಲ್ಲಿ ನಿವೇಶನವನ್ನು ಕೊಂಡು, ಮನೆಯನ್ನೂ ಕಟ್ಟಿ, ಹಿತ್ತಿಲಲ್ಲಿ ನಾಲ್ಕು ತೆಂಗಿನ ಸಸಿಗಳನ್ನು ನೆಡಬಹುದೆಂದು ನಾನು ಅಲ್ಲಿಯೇ ಲೆಕ್ಕ ಹಾಕಿದೆ. ಸಸಿಗಳು ಫಲ ಕೊಡುವ ಹೊತ್ತಿಗೆ ನಮ್ಮ ವಯಸ್ಸೆಷ್ಟಾಗುವುದೆಂಬ ಲೆಕ್ಕವನ್ನು ನನ್ನ ಮನೆಯವರು ಹಾಕಿದರು.

ಆ ತರುಣನು ನಮಗೆ ತೋರಿಸಿದ್ದು ಆ ಹೊಲವನ್ನಲ್ಲ. ಇಲ್ಲಿ ಶಾಲೆ ಬರುತ್ತದೆ, ಅಲ್ಲಿ ಉದ್ಯಾನ ಬರುತ್ತದೆ, ಚಲ್ಲಘಟ್ಟಕ್ಕೆ ಬಂದು ನಿಂತಿರುವ ಮೆಟ್ರೋ ಇನ್ನೇನು ಇಲ್ಲಿಗೇ ಬರುತ್ತದೆ, ಬಿಡದಿಗೂ ಒಂದು ಉಪನಗರ ಬಂದಮೇಲೆ ಇದರ ಬೆಲೆ ಇಮ್ಮಡಿಯಾಗುತ್ತದೆ ಎಂದು ಅವನು ಬೆರಳಿನಿಂದ ಆಕಾಶದಲ್ಲಿ ಗೆರೆಗಳನ್ನು ಎಳೆಯುತ್ತಿದ್ದಾಗ, ಅವನ ಮಾತುಗಳ ಕ್ರಿಯಾಪದಗಳೆಲ್ಲ ಭವಿಷ್ಯತ್ಕಾಲದವೆಂಬುದು ವ್ಯಾಕರಣವನ್ನು ಕಲಿಸಿ ಹೊಟ್ಟೆ ಹೊರೆದ ನನಗೆ ಹೊಳೆಯದೆ ಇರಲಿಲ್ಲ. ಕೆಂಗೇರಿಯ ದಲ್ಲಾಳಿಯು ಇದಕ್ಕೆ ವಿರುದ್ಧವಾಗಿ ಭೂತಕಾಲವನ್ನು ಮಾರುತ್ತಿದ್ದನು: ಇಲ್ಲೆಲ್ಲ ತೆಂಗಿನ ತೋಟವಿತ್ತು, ಕೆರೆಯ ನೀರು ಕನ್ನಡಿಯಂತೆ ಇತ್ತು, ದೊಡ್ಡ ದೊಡ್ಡ ಅಧಿಕಾರಿಗಳೇ ಇಲ್ಲಿ ಮನೆ ಕಟ್ಟಿದರು ಎಂದು. ಮನೆ ಕೊಳ್ಳುವವನು ಬರಲಿರುವ ಊರಿಗೂ ಹಣ ತೆರಬಾರದು, ಹೋಗಿಬಿಟ್ಟ ಊರಿಗೂ ತೆರಬಾರದು. ಈ ಹೊತ್ತು ಬೆಳಗ್ಗೆ ಹಾಲಿನವನು ಯಾವ ಬೀದಿಯವರೆಗೆ ಬಂದನೋ, ನಲ್ಲಿಯಲ್ಲಿ ನೀರು ಎಷ್ಟು ಹೊತ್ತು ಬಂದಿತೋ, ಆ ಊರಿಗೆ ಮಾತ್ರ ತೆರಬೇಕು. ನನ್ನ ಅಭಿಪ್ರಾಯ ಇದೊಂದೇ. ಉಳಿದದ್ದೆಲ್ಲ ಇದರ ವಿವರ.

ಭವಿಷ್ಯದ ಆಶ್ವಾಸನೆಗೆ ಇನ್ನೊಂದು ಮುಖವೂ ಇದೆ. ಬಿಡದಿಯ ಸುತ್ತಿನ ಗ್ರಾಮಗಳಲ್ಲಿ ಸಾವಿರಾರು ಎಕರೆಗಳ ಸಮಗ್ರ ಉಪನಗರವನ್ನು ನಿರ್ಮಿಸುವ ಉದ್ದೇಶದಿಂದ 2025ರಲ್ಲಿ ಭೂಸ್ವಾಧೀನದ ಅಧಿಸೂಚನೆ ಹೊರಟಿತು. ಬೈರಮಂಗಲ, ಕಂಚುಗಾರನಹಳ್ಳಿಗಳ ಕಡೆಯ ರೈತರು ನೆಲವನ್ನು ಬಿಟ್ಟುಕೊಡುವುದಿಲ್ಲವೆಂದು ಧರಣಿ ಕುಳಿತರು. ಬೆಂಗಳೂರನ್ನೂ ಮೈಸೂರನ್ನೂ ಜೋಡಿಸುವ ಹೆದ್ದಾರಿಗಾಗಿ 1997ರಲ್ಲಿ ಆದ ಕರಾರಿನ ಪ್ರಕಾರ ದಾರಿಯುದ್ದಕ್ಕೂ ಏಳಬೇಕಾಗಿದ್ದ ಪಟ್ಟಣಗಳಾವುವೂ ಏಳಲಿಲ್ಲವಾದರೂ, ಆ ನೈಸ್ ಯೋಜನೆಯ ಹೆಸರಿನಲ್ಲಿ ಸರ್ವೆ ನಂಬರುಗಳು ಮಾತ್ರ ಇಷ್ಟು ವರ್ಷಗಳಿಂದ ನ್ಯಾಯಾಲಯಗಳನ್ನು ಸುತ್ತುತ್ತಿವೆ. ದಲ್ಲಾಳಿಯ ಬಾಯಲ್ಲಿ ಬೆಲೆಯನ್ನು ಇಮ್ಮಡಿ ಮಾಡುವ ಯೋಜನೆಯೇ ಅಧಿಸೂಚನೆಯ ಪುಟದಲ್ಲಿ ನಿವೇಶನವನ್ನು ನುಂಗುವ ಯೋಜನೆಯಾಗಿರುವುದುಂಟು. ನಾವು ನೋಡಿದ ನಿವೇಶನದ ಸರ್ವೆ ನಂಬರನ್ನು ಕೇಳಿದಾಗ ಆ ತರುಣನು ತನ್ನ ಧಣಿಗೆ ದೂರವಾಣಿ ಮಾಡಿದನು. ಧಣಿ ಸಂಜೆ ಹೇಳುವುದಾಗಿ ಹೇಳಿದನು. ಆ ಸಂಜೆ ಇನ್ನೂ ಬಂದಿಲ್ಲ.

ಇನ್ನು ನದಿ. ಈ ಒಂದು ವಿಷಯದಲ್ಲಿ ಚಾಣಕ್ಯನ ಶ್ಲೋಕ ನಮ್ಮ ಸೀಮೆಗೆ ಬಂದು ತಲೆಕೆಳಗಾಗುತ್ತದೆ; ಏಕೆಂದರೆ ಇಲ್ಲಿ ನದಿಯಿರುವುದೇ ಊರನ್ನು ಬಿಡುವುದಕ್ಕೆ ಕಾರಣವಾದೀತು. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದ ಬಳಿ ಹುಟ್ಟಿದಳೆಂದು ಪ್ರತೀತಿಯುಳ್ಳ, ಆ ಕಾರಣದಿಂದಲೇ ವೃಷಭಾವತಿಯೆಂದು ಕರೆಯಲ್ಪಟ್ಟ ಈ ತೊರೆ, ಮೈಸೂರು ರಸ್ತೆಯ ಗಾಳಿ ಆಂಜನೇಯಸ್ವಾಮಿಯ ಗುಡಿಯನ್ನು ಬಳಸಿ, ನಾಯಂಡಹಳ್ಳಿಯನ್ನು ಹಾದು, ರಸ್ತೆಯ ಜೊತೆಜೊತೆಗೆ ಕೆಂಗೇರಿಗೆ ಬರುತ್ತದೆ. ಐವತ್ತು ಅರವತ್ತು ವರ್ಷಗಳ ಹಿಂದೆ ಇದರಲ್ಲಿ ಸ್ನಾನಮಾಡಿದವರು, ಇದರ ಮರಳಿನಲ್ಲಿ ಒರತೆ ತೆಗೆದು ನೀರು ಕುಡಿದವರು ಕೆಂಗೇರಿಯ ಹಳೆಯ ಮನೆಗಳ ಜಗಲಿಗಳ ಮೇಲೆ ಇನ್ನೂ ಸಿಕ್ಕುತ್ತಾರೆ. 1974ರಲ್ಲಿ ಕಾವೇರಿಯ ಮೊದಲ ಹಂತದ ನೀರು ತೊರೆಕಾಡನಹಳ್ಳಿಯಿಂದ ಬೆಂಗಳೂರಿಗೆ ಏರಿತು. ಏರಿದ ನೀರು ಎಲ್ಲಿಗಾದರೂ ಇಳಿಯಲೇಬೇಕಷ್ಟೆ. ನಗರ ಬೆಳೆದಂತೆಲ್ಲ, ಮೇಲಿನ ಬಡಾವಣೆಗಳ ಬಚ್ಚಲುಗಳೂ ರಸ್ತೆಯ ಬದಿಯ ಕಾರ್ಖಾನೆಗಳೂ ತಮ್ಮ ಉಚ್ಛಿಷ್ಟವನ್ನು ಈ ಕಣಿವೆಗೇ ಬಿಟ್ಟುವು. ಮಳೆಗಾಲದ ತೊರೆಯಾಗಿದ್ದ ವೃಷಭಾವತಿ ಹೀಗೆ ಸಂವತ್ಸರಪೂರ್ತಿ ಹರಿಯುವ ನದಿಯಾಯಿತು. ನಮ್ಮ ಪುರಾಣಗಳಲ್ಲಿ ಯಾವ ನದಿಗೂ ಇಂಥ ವರ ದೊರೆತದ್ದನ್ನು ನಾನು ಓದಿಲ್ಲ.

ಕಣಿವೆಯ ಮಗ್ಗುಲಲ್ಲಿ ನಾವೊಂದು ಮನೆಯನ್ನು ನೋಡಲು ಹೋಗಿದ್ದೆವು. ಮನೆ ಚೊಕ್ಕಟವಾಗಿತ್ತು, ಬಾಗಿಲಲ್ಲಿ ರಂಗೋಲಿ, ಒಳಗೆ ಕೆಂಪು ನೆಲ, ಅಡಿಗೆಮನೆಯಲ್ಲಿ ಕಡಪ ಕಲ್ಲಿನ ಕಟ್ಟೆ, ಗಾಳಿಬೆಳಕು ಧಾರಾಳ. ಮಧ್ಯಾಹ್ನದ ಬಿಸಿಲಿನಲ್ಲಿ ವಾಸನೆಯೂ ಅಷ್ಟಾಗಿ ಇರಲಿಲ್ಲ. ಮನೆಯ ಯಜಮಾನರು ಮಹಡಿಯನ್ನು ತೋರಿಸಲು ನನ್ನನ್ನು ಕರೆದೊಯ್ದಾಗ ನನ್ನ ಮನೆಯವರು ದೇವರ ಮನೆಯ ಹೊಸ್ತಿಲಲ್ಲಿಯೇ ನಿಂತಿದ್ದರು. ಗೃಹಿಣಿ ಕುಂಕುಮ ಕೊಡಲು ಬೆಳ್ಳಿಯ ಭರಣಿಯನ್ನು ಎತ್ತಿದಳು. ಭರಣಿಯ ಹೊಟ್ಟೆಯ ಮೇಲೆ ಬೆರಳು ತಾಗುವ ಒಂದೆಡೆಯಲ್ಲಿ ಮಾತ್ರ ಬಿಳುಪು. ಮಿಕ್ಕೆಡೆಯೆಲ್ಲ ಕಂದಿ, ಅಂಚಿನಲ್ಲಿ ನವಿಲಿನ ಕತ್ತಿನ ನೀಲಿಗೆ ತಿರುಗಿ, ಕುತ್ತಿಗೆಯ ಕೆತ್ತನೆಯಲ್ಲಿ ಕಾಡಿಗೆಯಷ್ಟು ಕಪ್ಪಾಗಿತ್ತು. ‘ಇದನ್ನ ಯಾವಾಗ ಬೆಳಗಿದ್ದಮ್ಮಾ?’ ಎಂದು ನನ್ನ ಮನೆಯವರು ಕೇಳಿದರು. ‘ಹೋದ ಶುಕ್ರವಾರ ಕಣ್ರೀ. ಇಲ್ಲಿ ಬೆಳ್ಳಿ ನಿಲ್ಲಲ್ಲ. ನಾನೂ ಬೆಳಗೋದನ್ನ ಬಿಟ್ಟುಬಿಡೋಣ ಅಂತಿದೀನಿ’ ಎಂದು ಆಕೆ ನಿಷ್ಕಪಟವಾಗಿ ನುಡಿದಳು. ಕೊಳಚೆಯಿಂದ ಏಳುವ ಗಂಧಕದ ಅನಿಲ ಬೆಳ್ಳಿಯನ್ನು ಕಪ್ಪಾಗಿಸುವುದೆಂಬ ರಸಾಯನಶಾಸ್ತ್ರವನ್ನು ನಾನು ಮಹಡಿಯಿಂದ ಇಳಿದು ಬಂದು ವಿವರಿಸುವ ಮೊದಲೇ ಆ ಮನೆ ನಮ್ಮ ಪಟ್ಟಿಯಿಂದ ಇಳಿದುಹೋಗಿತ್ತು.

ಇದು ಕೆಂಗೇರಿಯ ವಿರುದ್ಧ ನನಗೆ ದೊರೆತ ಪ್ರಬಲವಾದ ಸಾಕ್ಷ್ಯವೆಂದು ನಾನು ಒಳಗೊಳಗೆ ಹಿಗ್ಗಿದೆ. ಬಿಡದಿಯ ತರುಣನೂ ‘ಆ ವಾಸನೆಯೆಲ್ಲಾ ಕೆಂಗೇರೀಲೇ ಸಾರ್, ಇಲ್ಲಿ ಬರೀ ಗಾಳಿ’ ಎಂದು ಎದೆಯುಬ್ಬಿಸಿ ಉಸಿರೆಳೆದು ತೋರಿಸಿದನು. ಆದರೆ ನದಿಗಳು ಪುರಸಭೆಯ ಮೇರೆಗಳನ್ನು ಓದಲಾರವು. ಕೆಂಗೇರಿಯನ್ನು ಬಿಟ್ಟ ವೃಷಭಾವತಿ ಕುಂಬಳಗೋಡಿನ ಕಡೆಯಿಂದ ಸಾಗಿ ಬಿಡದಿಯ ಸಮೀಪದ ಬೈರಮಂಗಲದ ಜಲಾಶಯಕ್ಕೇ ಬಂದು ಬೀಳುತ್ತದೆ. 1940ರ ದಶಕದಲ್ಲಿ ಗದ್ದೆಗಳಿಗೆ ನೀರುಣಿಸುವುದಕ್ಕಾಗಿ ಕಟ್ಟಿದ ಆ ಕೆರೆಯ ಕೋಡಿಯ ಕೆಳಗೆ, ಮಳೆ ಬಂದ ಮರುದಿನ, ಬೆಳ್ಳನೆಯ ನೊರೆ ಆಳುದ್ದ ಎದ್ದು ಗಾಳಿಗೆ ತುಂಡುತುಂಡಾಗಿ ಹಾರಿ ಹಿಪ್ಪುನೇರಳೆಯ ಗಿಡಗಳ ಮೇಲೆ ಕುಳಿತಿರುವುದನ್ನು ನಾವು ನೋಡಿದೆವು. ಅಲ್ಲಿಂದ ಮುಂದೆ ಅದು ಅರ್ಕಾವತಿಯನ್ನು ಕೂಡಿ, ಅರ್ಕಾವತಿ ಸಂಗಮದಲ್ಲಿ ಕಾವೇರಿಯನ್ನು ಕೂಡಿ, ಬೆಂಗಳೂರು ಮೇಲಿನಿಂದ ಎತ್ತಿಕೊಂಡ ನೀರು ಕೆಳಗಿನಿಂದ ಹೀಗೆ ಹಿಂದಕ್ಕೆ ಸಲ್ಲುತ್ತದೆ.

ಈ ನದಿಯ ಜಾಡನ್ನು ಹಿಡಿದು ನಡೆದ ಮೇಲೆ ನನಗೆ ಒಂದು ಮಾತು ಸ್ಪಷ್ಟವಾಯಿತು: ಎರಡು ಊರುಗಳಿಗೆ ಇರುವ ವ್ಯತ್ಯಾಸಕ್ಕಿಂತ ಒಂದೇ ಊರಿನ ಎರಡು ಬೀದಿಗಳಿಗೆ ಇರುವ ವ್ಯತ್ಯಾಸ ಹೆಚ್ಚಿನದು. ಕೆಂಗೇರಿಯಲ್ಲಿ ಬೆಳ್ಳಿ ಕಪ್ಪಾಗುವ ಬೀದಿಯೂ ಉಂಟು, ಕಪ್ಪಾಗದ ಬೀದಿಗಳೂ ಬೇಕಾದಷ್ಟು ಉಂಟು. ಬಿಡದಿಯಲ್ಲಿ ನೊರೆಯ ಮಗ್ಗುಲೂ ಉಂಟು, ಮಾವಿನ ಮಗ್ಗುಲೂ ಉಂಟು. ಕೆಂಗೇರಿ ಹೀಗೆ, ಬಿಡದಿ ಹಾಗೆ ಎಂದು ಊರಿಗೆ ಊರನ್ನೇ ತಕ್ಕಡಿಗೆ ಏರಿಸುವವರು, ಮನೆಯನ್ನು ಕೊಳ್ಳುವ ಉದ್ದೇಶದಿಂದ ಮಾತಾಡುತ್ತಿಲ್ಲ, ಹರಟೆಗೆ ಮಾತಾಡುತ್ತಿದ್ದಾರೆ. ಹರಟೆಯೂ ಒಳ್ಳೆಯದೇ. ಆದರೆ ಅದಕ್ಕೆ ಮುಂಗಡ ಕೊಡಬೇಕಾಗಿಲ್ಲ.

ದಾರಿಯ ಸಂಗತಿಯನ್ನು ಶ್ಲೋಕಕಾರನು ಹೇಳಲು ಮರೆತಿದ್ದಾನೆ. ಅವನ ಕಾಲದಲ್ಲಿ ಮನುಷ್ಯನು ಇದ್ದ ಊರಿನಲ್ಲಿಯೇ ದುಡಿಯುತ್ತಿದ್ದನೆಂದು ಕಾಣುತ್ತದೆ. 2023ರ ಮಾರ್ಚಿನಲ್ಲಿ ಉದ್ಘಾಟನೆಗೊಂಡ ಮೈಸೂರಿನ ದಶಪಥ ರಸ್ತೆ ಬಿಡದಿಯನ್ನು ಸ್ಪರ್ಶಿಸದೆ ಪಕ್ಕಕ್ಕೆ ಸರಿದು ಹೋಗುತ್ತದೆ. ಕಾರಿನಲ್ಲಿ ಹೋದರೆ ಕಣಿಮಿಣಿಕೆಯ ಬಳಿ ಸುಂಕದ ಕಟ್ಟೆ. ನನ್ನಲ್ಲಿರುವಂಥ ಹಳೆಯ ಸ್ಕೂಟರಿಗೆ ಆ ವರ್ಷದ ಆಗಸ್ಟಿನಿಂದ ಮುಖ್ಯರಸ್ತೆಯಲ್ಲಿ ಪ್ರವೇಶವೇ ಇಲ್ಲ, ಮಗ್ಗುಲ ಸೇವಾರಸ್ತೆಯಲ್ಲಿ ಲಾರಿಗಳ ಹೊಗೆಯನ್ನು ಕುಡಿಯುತ್ತ ಸಾಗಬೇಕು. ರೈಲುಂಟು, ಅದೂ ಸುಖವಾದದ್ದೇ. ಆದರೆ ಬಿಡದಿಯಲ್ಲಿ ನಿಲ್ಲುವ ಗಾಡಿಗಳ ವೇಳೆಗೆ ನಮ್ಮ ದಿನಚರಿಯನ್ನು ಒಗ್ಗಿಸಿಕೊಳ್ಳಬೇಕು, ಅದು ನಮ್ಮದಕ್ಕೆ ಒಗ್ಗದು. ಕೆಂಗೇರಿಗಾದರೋ 2021ರ ಆಗಸ್ಟಿನಲ್ಲಿಯೇ ಮೆಟ್ರೋ ಬಂದಿತು. 2023ರ ಅಕ್ಟೋಬರಿನಲ್ಲಿ ಅದು ಒಂದು ಕಡೆ ಚಲ್ಲಘಟ್ಟದವರೆಗೂ ಇನ್ನೊಂದು ಕಡೆ ವೈಟ್‌ಫೀಲ್ಡಿನವರೆಗೂ ಅವಿಚ್ಛಿನ್ನವಾಗಿ 43 ಕಿಲೋಮೀಟರುಗಳಿಗೆ ಮೇಲ್ಪಟ್ಟು ಚಾಚಿಕೊಂಡಿತು.

ಹೊಸರಸ್ತೆ ಬಿಡದಿಯನ್ನು ಬಿಟ್ಟು ಹೋದದ್ದರಿಂದ ನಷ್ಟವಾದದ್ದು ಹಳೆಯ ರಸ್ತೆಯ ಬದಿಯ ಹೋಟಲುಗಳಿಗೆ. ಮೈಸೂರಿಗೆ ಹೋಗುವ ಬಸ್ಸುಗಳೂ ಕಾರುಗಳೂ ತಟ್ಟೆ ಇಡ್ಲಿಗಾಗಿ ಕಡ್ಡಾಯವಾಗಿ ತಂಗುತ್ತಿದ್ದ ಕಾಲವೊಂದಿತ್ತು. ಈಗ ಬೇಕೆಂದು ದಾರಿ ತಪ್ಪಿ ಬಂದವರಿಗೆ ಮಾತ್ರ ಅದು ಲಭ್ಯ. ನಾವು ಬೇಕೆಂದೇ ದಾರಿ ತಪ್ಪಿದೆವು. ಒಂದರ ಮೇಲೊಂದು ತಟ್ಟೆಗಳನ್ನು ಪೋಣಿಸಿದ ಕಂಬವನ್ನು ಹಬೆಯ ಪಾತ್ರೆಯಿಂದ ಎತ್ತಿ, ಅಂಗೈಯಗಲದ ಇಡ್ಲಿಯನ್ನು ಎಲೆಯ ಮೇಲೆ ಮಗುಚಿ, ಅದರ ನೆತ್ತಿಯ ಮೇಲೊಂದು ಬೆಣ್ಣೆಯ ಮುದ್ದೆಯನ್ನಿಟ್ಟು ನಮ್ಮ ಮುಂದಕ್ಕೆ ತಳ್ಳಿದ ಹುಡುಗನು, ಬೆಣ್ಣೆ ಕರಗಿ ಅಂಚಿಗೆ ಬರುವವರೆಗೆ ಕಾಯಿರೆಂದು ಹೇಳಿಹೋದನು. ಕಾದೆವು. ಈ ಒಂದು ಇಡ್ಲಿಗಾಗಿಯೇ ಬಿಡದಿಯಲ್ಲಿ ಮನೆ ಮಾಡಬಹುದೆಂದು ನಾನು ಅಂದಾಗ, ‘ಇಡ್ಲಿಗೆ ಬರೋದಾದ್ರೆ ಬೆಳಿಗ್ಗೆ ಹೊರಟು ಬರಬಹುದಲ್ರೀ, ಅದಕ್ಕೆ ಮನೇನೇ ಯಾಕೆ ಕೊಳ್ಳಬೇಕು?’ ಎಂದು ನನ್ನ ಮನೆಯವರು ಕೇಳಿದರು. ತರ್ಕಶಾಸ್ತ್ರದಲ್ಲಿ ಇದಕ್ಕೆ ಉತ್ತರವಿಲ್ಲ.

ಕೊನೆಯವನು ವೈದ್ಯ. ಕೆಂಗೇರಿಗೂ ಕುಂಬಳಗೋಡಿಗೂ ನಡುವೆ ಕಂಬೀಪುರದ ಬಳಿ ರಸ್ತೆಯ ಮೇಲೆಯೇ ವೈದ್ಯಕೀಯ ಕಾಲೇಜಿನ ದೊಡ್ಡ ಆಸ್ಪತ್ರೆಯಿರುವುದರಿಂದ, ಎರಡೂ ಊರುಗಳವರು ಅದರ ಮೇಲೆ ಸಮಾನವಾದ ಹಕ್ಕನ್ನು ಸಾಧಿಸಬಹುದೆಂದು ನಾನು ವಾದಿಸಿದೆ. ನನ್ನ ಮನೆಯವರು ಅಡ್ಡಿ ಮಾಡಲಿಲ್ಲ. ‘ಆಸ್ಪತ್ರೆ ದೂರ ಇಲ್ಲ, ಒಪ್ಪಿದೆ. ರಾತ್ರಿ ಎರಡು ಗಂಟೇಲಿ ನಿಮಗೆ ಎದೆ ನೋವು ಅಂದ್ರೆ ಆ ಕಮಾನಿನ ಒಳಕ್ಕೆ ಯಾವ ಆಟೋದವನು ಬರ್ತಾನೆ? ಕೂಗಿದ್ರೆ ಏಳೋದಕ್ಕೆ ಪಕ್ಕದಲ್ಲಿ ಮನೇನಾದ್ರೂ ಇದೆಯಾ?’ ಎಂದರು. ಸುಣ್ಣ ಬಳಿದ ಗಡಿಕಲ್ಲುಗಳ ನೀರವತೆಯನ್ನು ನಾನು ಗುಣಗಳ ಪಟ್ಟಿಯಲ್ಲಿ ಬರೆದುಕೊಂಡಿದ್ದೆ. ಅದನ್ನು ಅಲ್ಲಿಂದ ಹೊಡೆದು ಹಾಕಬೇಕಾಯಿತು. ಅದಲ್ಲದೆ ನಮ್ಮ ಮಗಳು ಅಳಿಯಂದಿರು ವೈಟ್‌ಫೀಲ್ಡಿನ ಕಡೆ ಇದ್ದಾರೆ. ಕೆಂಗೇರಿಯಲ್ಲಿ ಮೆಟ್ರೋ ಹತ್ತಿದ ಅಜ್ಜಿಯು ಎಲ್ಲಿಯೂ ಗಾಡಿ ಬದಲಾಯಿಸದೆ, ಯಾರನ್ನೂ ದಾರಿ ಕೇಳದೆ, ಹುಳಿಯನ್ನದ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತರೆ ಮೊಮ್ಮಗನ ಊರಿನಲ್ಲಿಯೇ ಇಳಿಯುತ್ತಾಳೆ. ಈ ಪ್ರಮೇಯವನ್ನು ಆಕೆ ಕಡೆಯವರೆಗೆ ಕಾದಿಟ್ಟು ಹೇಳಿದರು. ಮೊದಲೇ ಹೇಳಿದ್ದರೆ ನಮ್ಮ ಒಂದು ಮಳೆಗಾಲ ಉಳಿಯುತ್ತಿತ್ತು, ಈ ಪ್ರಬಂಧ ಹುಟ್ಟುತ್ತಿರಲಿಲ್ಲ.

ಆದಕಾರಣ ಉಪನಗರದ, ಕಣಿವೆಗೆ ದೂರವಾದ ಬೀದಿಯೊಂದರಲ್ಲಿ, ವಕೀಲರು ‘ಸರಿ’ ಎಂದಿದ್ದ ಆ ಇಪ್ಪತ್ತು ಮೂವತ್ತರ ಹಳೆಯ ಮನೆಯನ್ನೇ ನಾವು ಕೊಂಡೆವು. ಬಾಗಿಲು ಪಶ್ಚಿಮಕ್ಕಿದೆ, ತೆಂಗಿನ ಸಸಿಗೆ ಎಡೆಯಿಲ್ಲ, ಮಹಡಿಯ ಮೆಟ್ಟಿಲು ಕಡಿದು. ಪೂರ್ವದ ಬಾಗಿಲಿಗೆ ಹೆಚ್ಚು ತೆರುವವರು ತೆತ್ತುಕೊಳ್ಳಲಿ. ಸೂರ್ಯನು ಪಶ್ಚಿಮದ ಕಡೆಗೂ ದಿನಕ್ಕೊಮ್ಮೆ ಬರುತ್ತಾನೆ. ಓದುಗರಲ್ಲಿ ಯಾರಾದರೂ ಇದೇ ಸಂದಿಗ್ಧದಲ್ಲಿದ್ದರೆ, ಎರಡೂ ಊರುಗಳನ್ನು ಮಳೆ ನಿಂತ ಸಂಜೆ ಗಾಳಿಯಿಲ್ಲದ ಹೊತ್ತಿನಲ್ಲಿ ಮೂಗಿನಿಂದಲೂ, ಸರ್ವೆ ನಂಬರನ್ನು ಅಧಿಸೂಚನೆಯೊಡನೆ ಕಣ್ಣಿನಿಂದಲೂ, ದೇವರ ಮನೆಯ ಬೆಳ್ಳಿಯನ್ನು ಮನೆಯವರ ಮೂಲಕವೂ ಪರೀಕ್ಷಿಸತಕ್ಕದ್ದು. ಆದರೆ ಬಿಡದಿಯ ಕೈಗಾರಿಕಾ ಪ್ರದೇಶದಲ್ಲಿ, ಟೊಯೋಟಾದಲ್ಲಿಯೋ ಬಾಷ್‌ನಲ್ಲಿಯೋ ಪಾಳಿಯ ಕೆಲಸವುಳ್ಳ ತರುಣರು, ಮಕ್ಕಳು ಚಿಕ್ಕವರಾಗಿದ್ದು ತೆಂಗು ಫಲಿಸುವವರೆಗೆ ಕಾಯುವ ವಯಸ್ಸುಳ್ಳವರು, ನಾನು ಬರೆದದ್ದನ್ನು ಹಿಂದುಮುಂದಾಗಿ ಓದಿಕೊಳ್ಳಬೇಕು. ಅಂಥವರಿಗೆ, ಕಾಗದಪತ್ರ ಶುದ್ಧವಾಗಿದ್ದ ಪಕ್ಷದಲ್ಲಿ, ಬಿಡದಿಯೇ ಸರಿ.